ವಕೀಲರ ಮೋಟಾರು ಎಲ್ಲಿಯೂ ನಿಂತಿರಲಿಲ್ಲ

ಹಳೆಯ ಮೋಟಾರು ಕೊಳ್ಳುವವರಿಗೆ ಅದರ ಹಿಂದುಮುಂದು ನೋಡಿ ಹೇಳುವುದು ನನ್ನ ಕೆಲಸವಾಗಿತ್ತು. ನಿಜಾಮರ ಆಳ್ವಿಕೆಯ ಕಾಲ. ಲಿಂಗಸುಗೂರಿನಲ್ಲಿ ಹಿಂದೆ ದಂಡು ಇಳಿಯುತ್ತಿದ್ದ ಛಾವಣಿಯ ಒಂದು ಹಳೆಯ ಬಂಗಲೆಯಲ್ಲಿ ನಮ್ಮ ಕಚೇರಿ. ಮೋಟಾರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಮೊದಲು ನಾನು ಅದನ್ನು ನೋಡಿ, ಓಡಿಸಿ, ಉರ್ದುವಿನಲ್ಲಿ ವರದಿ ಬರೆದು ಮೇಲಿನವರ ಮುಂದೆ ಇಡಬೇಕಿತ್ತು. ಈಗ ಈ ಕೆಲಸಕ್ಕೆ ಸೇರುತ್ತಿರುವವರು ಯಂತ್ರಗಳನ್ನು ತೆಗೆದುಕೊಂಡು ಹೋಗುತ್ತಾರೆ. ನಮ್ಮ ಹತ್ತಿರ ಇದ್ದದ್ದು ಕಿವಿ, ಮೂಗು ಮತ್ತು ಒಂದು ಸ್ಪ್ಯಾನರು. ಕಿವಿ ಮೂಗು ನಮ್ಮವು, ಸ್ಪ್ಯಾನರು ಸರ್ಕಾರದ್ದು.

ಬಡ್ತಿ, ವರ್ಗಾವಣೆಗಳ ವಿಷಯ ಬಿಡುತ್ತೇನೆ. ಅವುಗಳಿಂದ ಯಾರೂ ಏನೂ ಕಲಿಯುವುದಿಲ್ಲ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ನಮ್ಮ ದೊಡ್ಡ ಸಾಹೇಬರ ವಿಧಾನ. ಎಂಜಿನ್ ಚಾಲೂ ಮಾಡಿಸಿ, ಅದರ ಮುಚ್ಚಳದ ಮೇಲೆ ಅಂಚಿನವರೆಗೆ ನೀರು ತುಂಬಿದ ಹಿತ್ತಾಳೆ ಲೋಟ ಇಡುತ್ತಿದ್ದರು. ನೀರು ಚೆಲ್ಲಿದರೆ ಮೋಟಾರು ಫೇಲು, ಚೆಲ್ಲದಿದ್ದರೆ ಪಾಸು. ಇದು ಸುತ್ತಲಿನ ತಾಲೂಕುಗಳಿಗೆಲ್ಲ ಗೊತ್ತಾಗಿಹೋಗಿತ್ತು. ಒಂದು ಬೇಸಿಗೆಯಲ್ಲಿ ಒಬ್ಬ ಮಾಲೀಕ, ‘ಬಿಸಿಲು ಭಾಳ ಅದ ಸಾಹೇಬ್ರ, ನೀರು ಯಾಕ’ ಎಂದು ಲೋಟದ ತುಂಬ ಕೆನೆಮೊಸರು ತಂದ. ಎಂಜಿನ್ ಹೇಗೆ ನಡುಗಿತೆಂದರೆ ಎಡಗಡೆಯ ಬಾಗಿಲು ಕಳಚಿ ನೆಲಕ್ಕೆ ಬಿತ್ತು. ಮೊಸರು ಅಲುಗಲಿಲ್ಲ. ಸಾಹೇಬರು ಪಾಸು ಮಾಡಿ ಮೊಸರು ತಿಂದರು. ಬಾಗಿಲಿನ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ.

ಬ್ರೇಕಿನ ಪರೀಕ್ಷೆ ನನ್ನದೇ ವಿಧಾನ. ಛಾವಣಿ ರಸ್ತೆಯ ಇಳಿಜಾರಿನ ಕೆಳಗೆ ಮಾರುವವನನ್ನು ನಿಲ್ಲಿಸಿ, ಅವನ ಮೋಟಾರನ್ನೇ ಮೇಲಿನಿಂದ ಅವನ ಕಡೆಗೆ ಬಿಡುವುದು. ಮೋಟಾರನ್ನು ನೋಡುವ ಅಗತ್ಯವೇ ಇಲ್ಲ, ಮಾಲೀಕನ ಮುಖ ನೋಡಿದರೆ ಸಾಕು. ಸಿಂಧನೂರಿನ ಎಣ್ಣೆ ವ್ಯಾಪಾರಿಯೊಬ್ಬ, ಚಾಲಕ ಹ್ಯಾಂಡಲ್ ತಿರುಗಿಸುವ ಮೊದಲೇ ಬೇವಿನ ಮರ ಹತ್ತಿದ್ದ. ‘ಬ್ರೇಕ್ ಪರೀಕ್ಷಿಸುವ ಪ್ರಸಂಗ ಬರಲಿಲ್ಲ’ ಎಂದು ವರದಿ ಬರೆದೆ.

ಮೋಟಾರಿನ ಪೂರ್ವ ಚರಿತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನಾನು ನೋಡಿದ ಹಳೆಯ ಮೋಟಾರುಗಳೆಲ್ಲ, ಮಾರುವವರ ಮಾತಿನಂತೆ, ಹೈದರಾಬಾದಿನ ನವಾಬರು ಹತ್ತಿದ ಮೋಟಾರುಗಳು. ಒಂದನ್ನೂ ಗುಮಾಸ್ತ ಹತ್ತಿರಲಿಲ್ಲ, ವ್ಯಾಪಾರಿ ಹತ್ತಿರಲಿಲ್ಲ. ಅದೆಲ್ಲ ನಿಜವಾಗಿದ್ದರೆ ಹೈದರಾಬಾದಿನಲ್ಲಿ ನವಾಬರನ್ನು ಬಿಟ್ಟು ಬೇರೆ ಯಾರೂ ವಾಸವಾಗಿರಲು ಜಾಗ ಇರುತ್ತಿರಲಿಲ್ಲ. ಮೋಟಾರಿನ ನಿಜವಾದ ಚರಿತ್ರೆಯನ್ನು ಎಲ್ಲಿ ಹುಡುಕಬೇಕೆಂದು ನನಗೆ ತಿಳಿದದ್ದು ಸಂತೆಕಲ್ಲೂರಿನ ಬಸಮ್ಮನ ಪ್ರಕರಣದಲ್ಲಿ.

ಬಸಮ್ಮ ಎರೆಹೊಲದ ಒಡತಿ, ಗಂಡ ತೀರಿಕೊಂಡಿದ್ದ. ಒಂದು ಬೆಳಿಗ್ಗೆ ಕಚೇರಿಯ ಪಡಸಾಲೆಯಲ್ಲಿ ಬಂದು ಕುಳಿತಳು.

“ಸಾಹೇಬ್ರ, ನನಗ ಒಂದ್ ಮೋಟರ್ ನೋಡಿ ಹೇಳ್ರಿ. ಎತ್ತಾಗಿದ್ರ ನಾನs ಹಲ್ಲು ಹಿಡದು ನೋಡ್ತಿದ್ದೆ. ಇದಕ್ಕ ಹಲ್ಲಿಲ್ಲ.”

“ಮೋಟರ್ ಯಾಕ ಬೇಕಾತು ನಿಮಗ?” ಎಂದು ಕೇಳಿದೆ.

“ಮಸ್ಕಿ ಹಳ್ಳದ ಸಲುವಾಗಿ ರೀ.”

ವಿಷಯ ಹೀಗಿತ್ತು. ಬಸಮ್ಮ ಹತ್ತಿ ಹೇರಿಕೊಂಡು ಸಿಂಧನೂರಿಗೆ ಹೋಗಬೇಕಾದರೆ ಮಸ್ಕಿ ಹಳ್ಳಕ್ಕೆ ಇಳಿದು ಏರಬೇಕು. ಆಗ ಸೇತುವೆ ಇರಲಿಲ್ಲ. ಮರಳು ಗಾಲಿಗಳನ್ನು ಹಿಡಿಯುತ್ತಿತ್ತು, ಏರು ಕಡಿದಾಗಿತ್ತು.

“ನಾ ಹಳ್ಳದಾಗ ನಿಂತು ಕೂಗೀನಿ, ಕೂಗೀನಿ, ಗಂಟಲ ಹರದು ಹೋಗೈತಿ. ದಂಡಿ ಮ್ಯಾಲ ಕುಂತ ಗಂಡಸ್ರು ಬೀಡಿ ಸೇದಕೋತ ನೋಡ್ತಾವ ಹೊರತು ಒಬ್ಬಾಂವ ಕುಂಡಿ ಎತ್ತಂಗಿಲ್ಲ. ಅದs ಹಳ್ಳದಾಗ ಸಿಂಧನೂರ ವಕೀಲ್ರ ಮೋಟರ್ ಬರ್ಲಿ, ಪೋಂ ಅಂತೈತಿ, ಹಂಗs ಏರಿ ಹೋಗತೈತಿ. ಮಂದಿ ಅದರ ಚಂದಕ್ಕ ಮಳ್ಳಾಗಿ ಹಿಂದ ಓಡ್ತಾರ. ದೂರಿಂದ ನಾನs ನೋಡೀನಿ.”

ವಕೀಲರು ಆ ಮೋಟಾರನ್ನು ಕೊಡಲು ಒಪ್ಪಿದ್ದರು. ಪ್ರತಿಯಾಗಿ ಬಸಮ್ಮನ ಒಂದು ಜೋಡಿ ಎತ್ತುಗಳನ್ನು ಕೇಳಿದ್ದರು. ಆಕೆಗೆ ಇದ್ದದ್ದೇ ಆ ಒಂದು ಜೋಡಿ. ಒಂದರ ಹೆಸರು ಸಾವ್ಕಾರ, ಇನ್ನೊಂದರದು ಕುಲಕರ್ಣಿ. ಊರಿನಲ್ಲಿ ಯಾರನ್ನು ಬಾಯಿತುಂಬ ಬೈಯಲು ಸಾಧ್ಯವಿರಲಿಲ್ಲವೋ ಅವರ ಹೆಸರನ್ನು ಎತ್ತುಗಳಿಗೆ ಇಟ್ಟು, ಆಕೆಯ ಗಂಡ ದಿನವಿಡೀ ಹೊಲದಲ್ಲಿ ಸಮಾಧಾನಪಟ್ಟುಕೊಳ್ಳುತ್ತಿದ್ದನಂತೆ.

“ಎತ್ತು ಕೊಟ್ಟ ಮ್ಯಾಲ ಹಿಂಗಾರಿ ಬಿತ್ತಿಗಿ ಹ್ಯಾಂಗ?” ಎಂದೆ.

“ಮೋಟರ್ ಹಿಂದ ಕೂರಿಗಿ ಕಟ್ಟಿದ್ರ ಆತು ಅಂದಾರ್ರೀ ವಕೀಲ್ರು.” ಹತ್ತಿರ ಸರಿದು ಹೇಳಿದಳು, “ಅದಕ್ಕ ನಿಮ್ಮ ಹತ್ರ ಬಂದೀನಿ. ಮೋಟರ್ ಕೆಟ್ಟದ್ದಿತ್ತಂದ್ರ ನೊಗಕ್ಕ ನಾನs ಹೆಗಲು ಕೊಡಬೇಕಾಗ್ತದ. ಬಿತ್ತಿಗಿ ತಪ್ಪಿದ್ರ ವರ್ಷs ಹೋತು.”

ಪರೀಕ್ಷಾ ಓಟ ಸಿಂಧನೂರಿನಿಂದ ಮಸ್ಕಿಯವರೆಗೆ ಎಂದು ಗೊತ್ತುಮಾಡಿದೆ. ಬಸಮ್ಮನ ಆಳು ಎತ್ತುಗಳನ್ನು ಹಿಡಿದುಕೊಂಡು ಮಸ್ಕಿ ಹಳ್ಳದ ದಂಡೆಯಲ್ಲಿ ಕಾಯಬೇಕು. ಮೋಟಾರು ಸರಿಯಾಗಿ ಅಲ್ಲಿಗೆ ಬಂದರೆ ಅಲ್ಲಿಯೇ ಅದಲುಬದಲು. ನಾನೂ ಬಸಮ್ಮನೂ ಸರ್ವಿಸ್ ಬಸ್ಸಿನಲ್ಲಿ ಸಿಂಧನೂರಿಗೆ ಹೋದೆವು.

ವೆಂಕೋಬರಾಯರು ಸಿಂಧನೂರಿನ ನುರಿತ ವಕೀಲರು. ಮಾತಿನಲ್ಲಿ ಅವರನ್ನು ಹಿಡಿದವರಿಲ್ಲ. ಹಸಿರು ಬಣ್ಣದ ಮೋಟಾರು ಅವರ ಮನೆಯ ಮುಂದಿನ ಹುಣಸೆಮರದ ಕೆಳಗೆ ಇತ್ತು. ಅದರ ಹಿಂದಿನ ಸೀಟಿನಲ್ಲಿ ನೆರೆಮನೆಯ ಕೋಳಿಯೊಂದು ಮೊಟ್ಟೆಗಳ ಮೇಲೆ ಕಾವು ಕುಳಿತಿತ್ತು.

“ರಾಯರೆ, ಕೋಳಿ ಕಾವಿಗೆ ಕೂತಿದೆಯಲ್ಲ. ಮೋಟರ್ ಬಹಳ ದಿನದಿಂದ ಇಲ್ಲೇ ನಿಂತಿರಬೇಕು” ಎಂದೆ.

“ಛೇ ಛೇ! ಮೋಟರ್ ದಿನಾ ಓಡ್ತದ. ಕೋಳಿ ಜೋಡೀಲೇ ಹೋಗಿ ಬರ್ತದ” ಎಂದರು ರಾಯರು. “ಬರ್ಕೊಳ್ರಿ ಸಾಹೇಬ್ರ. ನವಾಬರ ಮೋಟರ್ ಇದು. ಇಂದಿನ ತನಕಾ ಎಲ್ಲಿಯೂ ನಿಂತಿಲ್ಲ.”

“ಒಮ್ಮೆಯೂ?”

“ನಿಂತದ ಅನ್ನೋದು ಆರೋಪ. ವಿಶ್ರಾಂತಿ ತಗೊಂಡದ ಅನ್ನೋದು ಸಂಗತಿ. ಕುದುರಿ ನೀರು ಕುಡಿಯಾಕ ನಿಂತ್ರ ಕುದುರಿ ಕೆಟ್ಟದ ಅಂತೀರೇನು?”

ಅವರ ಚಾಲಕ ಇಮಾಮಸಾಬ. ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ, ಸುಳ್ಳು ಬಾಯಿಗೆ ಬರುತ್ತಿರಲಿಲ್ಲ. ಇಂಥ ಚಾಲಕ ಸಿಕ್ಕರೆ ತಪಾಸಣೆ ಮಾಡುವವನಿಗೆ ಅರ್ಧ ಕೆಲಸ ಮುಗಿದಂತೆ. ರಾಯರಿಗೂ ಅದು ಗೊತ್ತಿತ್ತು. ಮೋಟಾರಿನ ಮಾನ ಹೋಗುವಂಥ ಪ್ರಶ್ನೆ ಕೇಳಿದರೆ ಅವನು ಬಾಯಿ ತೆರೆಯುವ ಬದಲು ಹಾರ್ನು ಹೊಡೆಯಬೇಕೆಂದು ತಾಕೀತು ಮಾಡಿದ್ದರು. ಹಾರ್ನು ಹಿತ್ತಾಳೆಯದು, ಹಿಂದೆ ರಬ್ಬರಿನ ಚೆಂಡು. ಅದನ್ನು ಒತ್ತಿದರೆ ಎಮ್ಮೆ ಕೂಗಿದಂಥ ಸದ್ದು ಬರುತ್ತಿತ್ತು.

“ಇಮಾಮಸಾಬ, ಇದು ಜವಳಗೇರಾಕ್ಕೆ ಹೋಗಿದೆಯೆ?”

“ಹೋಗ್ಯಾದ ರೀ.”

“ತಾನಾಗಿ ತಿರುಗಿ ಬಂತೆ?”

ಪೋಂ, ಪೋಂ.

“ಮುಕ್ಕುಂದಕ್ಕೆ?”

ಪೋಂ.

“ನೋಡ್ರಿ, ಹಾರ್ನ್ ಎಷ್ಟು ಗಟ್ಟಿ ಅದ!” ಎಂದರು ರಾಯರು.

ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಕೆಮ್ಮಿ, ಹೊಗೆ ಕಾರಿ, ನನ್ನ ನಿರೀಕ್ಷೆ ಮೀರಿ ಚಾಲೂ ಆಯಿತು. ರಾಯರು ಮುಂದೆ ಕುಳಿತರು. ಹಿಂದೆ ನಾನು, ಬಸಮ್ಮ, ನಡುವೆ ಕೋಳಿ. ಕೋಳಿಯನ್ನು ಇಳಿಸಲು ಹೋದ ನನ್ನ ಕೈಯನ್ನು ಅದು ಕುಕ್ಕಿತ್ತು. ಸಿಂಧನೂರು ದಾಟಿತು, ಹತ್ತಿ ಹೊಲಗಳು ಬಂದವು. ನಿಜ ಹೇಳಬೇಕೆಂದರೆ ಮೋಟಾರು ಚೆನ್ನಾಗಿಯೇ ಓಡುತ್ತಿತ್ತು. ಬಸಮ್ಮನ ಮುಖ ಅರಳಿತ್ತು. ಅನುಕೂಲವಾದ ವರದಿಯ ಮೊದಲ ವಾಕ್ಯವನ್ನು ನಾನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

ದಾರಿಯ ಮೊದಲ ಹಳ್ಳಿ ಕಂಡಿತು. ನಾನು ಮಾಮೂಲಿನಂತೆ ಕೇಳಿದೆ: “ಇಮಾಮಸಾಬ, ಈ ಊರ ಹತ್ತಿರ ಇದು ಯಾವಾಗಲಾದರೂ ನಿಂತಿತ್ತೆ?”

ಪೋಂ, ಪೋಂ, ಪೋಂ!

ಕಟ್ಟೆಯ ಮೇಲೆ ಕುಳಿತಿದ್ದವರೆಲ್ಲ ಒಮ್ಮೆಲೇ ಎದ್ದರು. ಹೊಲದಲ್ಲಿದ್ದವರು ಕುಡುಗೋಲು ಬಿಸಾಕಿದರು. ಧೋತರ ಮೇಲೆ ಕಟ್ಟಿಕೊಳ್ಳುತ್ತ, ರುಮಾಲು ಬಿಗಿದುಕೊಳ್ಳುತ್ತ ಓಡಿ ಬಂದು, ಮೋಟಾರಿನ ಹಿಂದೆ ಸಾಲಾಗಿ ನಿಂತು ಕೈ ಹಚ್ಚಿ, ‘ಹೈಸ್ಸಾ’ ಎಂದು ತಳ್ಳತೊಡಗಿದರು. ಮೋಟಾರು ತನ್ನ ಪಾಡಿಗೆ ಓಡುತ್ತಿತ್ತು. ಅವರೂ ಅದರ ಜೊತೆ ಓಡುತ್ತ ತಳ್ಳುತ್ತಿದ್ದರು. ನಾನು ವೇಗ ಗಮನಿಸಿದೆ, ಹೆಚ್ಚಾಗಿತ್ತು.

“ಇದೇನ್ರೀ ಇದು?” ಎಂದಳು ಬಸಮ್ಮ.

“ಗೌರವ!” ಎಂದರು ರಾಯರು, ಹಿಂತಿರುಗಿ ನೋಡದೆ. “ನನ್ನ ಮ್ಯಾಲ ಮಂದಿಗೆ ಭಾಳ ಅಭಿಮಾನ.”

ನಾನು ಮೋಟಾರು ನಿಲ್ಲಿಸಲು ಹೇಳಿದೆ. ಇಮಾಮಸಾಬ ಬ್ರೇಕು ತುಳಿದ. ತಳ್ಳುವವರು ಬಿಡಲಿಲ್ಲವಾದ್ದರಿಂದ ನಿಲ್ಲಲು ಸಾಕಷ್ಟು ದೂರ ಹಿಡಿಯಿತು. ಇಳಿದು, ಎಡಗಡೆಯಲ್ಲಿದ್ದ ಗಟ್ಟಿಮುಟ್ಟಾದ ಮನುಷ್ಯನನ್ನು ಕೇಳಿದೆ.

“ಈ ಮೋಟರ್ ನಿಮಗೆ ಗೊತ್ತೇನು?”

“ಗೊತ್ತೇನ್ ಬಂತ್ರೀ! ಎಡಗಡಿ ಮೂಲಿ ನಮ್ಮ ಮನೆತನದ್ದು. ನಮ್ಮಪ್ಪ ದೂಡ್ತಿದ್ದ. ಅಂವ ಹೋದ ಮ್ಯಾಲ ನನಗ ಬಂತು.”

“ಸುಳ್ಳ ಹೇಳಬ್ಯಾಡಲೇ!” ಎಂದ ಬಲಗಡೆಯವನು. “ಪಾಲಾದಾಗ ಎಡಗಡಿ ನನಗ ಬರಬೇಕಿತ್ತು ರೀ ಸಾಹೇಬ್ರ. ನಾ ಹೊಲಕ್ಕ ಹೋದಾಗ ಈ ನಮ್ಮಣ್ಣ ಕೈ ಇಟ್ಟಾನ. ನನಗ ಹೊಗಿ ಕೊಳವಿ ಕಡೆ ಹಾಕ್ಯಾರ. ಮಾರಿ ಎಲ್ಲಾ ಕರ್ರಗಾಗೇತಿ ನೋಡ್ರಿ.”

ನಿಜಕ್ಕೂ ಕರ್ರಗಾಗಿತ್ತು.

“ಹಾರ್ನು ಕೇಳಿದ ಕೂಡಲೆ ಬರಲೇಬೇಕೇನು?”

“ಬರದಿದ್ರ ಜಾಗಾ ಹೋಗ್ತೈತಲ್ರೀ! ಒಮ್ಮಿ ನಾ ಹಾಸಿಗಿ ಹಿಡದಿದ್ದೆ, ಈ ನನ್ನ ತಮ್ಮ ಬಂದು ನನ್ನ ಮೂಲ್ಯಾಗ ಕೈ ಹಚ್ಚಿದ್ದ. ಅವತ್ತಿಂದ ಜ್ವರ ಇರ್ಲಿ, ಏನs ಇರ್ಲಿ, ನಾ ತಪ್ಪಿಸಿಲ್ಲ.”

ನಮ್ಮ ಸೀಮೆಯಲ್ಲಿ ಗೌಡಿಕೆ ತಂದೆಯಿಂದ ಮಗನಿಗೆ, ತಳವಾರಿಕೆ ತಂದೆಯಿಂದ ಮಗನಿಗೆ. ವಕೀಲರ ಮೋಟಾರು ತಳ್ಳುವುದೂ ಹಾಗೆಯೇ ಆಗಿತ್ತೆಂದು ನನಗೆ ಆಗ ತಿಳಿಯಿತು. ಅದು ಎಲ್ಲೆಲ್ಲಿ ನಿಲ್ಲುತ್ತದೆಂದು ಕೇಳಿದೆ. ಒಬ್ಬ ಬಾವಿಯ ಕಡೆ ಕೈ ತೋರಿಸಿದ, ಒಬ್ಬ ಜಾಲಿಮರದ ಕಡೆ, ಒಬ್ಬ ನಾವು ನಿಂತಿದ್ದ ಜಾಗವನ್ನೇ.

“ಸಾಕ್ಷಿದಾರರಿಗೆ ಹೇಳಿಕೊಡಬ್ಯಾಡ್ರಿ!” ಎಂದು ರಾಯರು ಒಳಗಿನಿಂದ ಕೂಗಿದರು. “ಅವರು ತೋರಿಸಿದ್ದು ವಿಶ್ರಾಂತಿ ಸ್ಥಳ!”

ಮುಂದಿನ ಹಳ್ಳಿಯಲ್ಲಿ ನಾನು ಏನನ್ನೂ ಕೇಳಲಿಲ್ಲ. ಆದರೆ ಒಂದು ಎಮ್ಮೆ ಅಡ್ಡ ಬಂತು, ಇಮಾಮಸಾಬ ಹಾರ್ನು ಹೊಡೆದ, ಊರಿಗೆ ಊರೇ ಬಂತು. ರಾಯರು ಹಾರ್ನನ್ನು ರುಮಾಲಿನಿಂದ ಕಟ್ಟಿಸಿದರು. ಬಸಮ್ಮನ ಮುಖ ಈಗ ಅರಳಿರಲಿಲ್ಲ. ಆಕೆ ಕೋಳಿಯ ಬೆನ್ನು ಸವರುತ್ತ ಕುಳಿತಿದ್ದಳು.

ಮಸ್ಕಿ ಹಳ್ಳ ಬಂತು. ಆಚೆ ದಂಡೆಯಲ್ಲಿ ಸಾವ್ಕಾರ ಮತ್ತು ಕುಲಕರ್ಣಿ ಮೇವು ಮೆಲ್ಲುತ್ತ ನಿಂತಿದ್ದವು. ದಂಡೆಯ ಮೇಲೆ ಗಂಡಸರು ಬೀಡಿ ಸೇದುತ್ತಿದ್ದರು. ಮೋಟಾರು ರಭಸದಿಂದ ಇಳಿಯಿತು, ನೀರಿಗೆ ಬಂತು, ಮರಳಿನಲ್ಲಿ ಒಮ್ಮೆ ಬಿಕ್ಕಿ ಸುಮ್ಮನಾಯಿತು.

ಮೊದಲು ಇಳಿದದ್ದು ಕೋಳಿ. ಅದು ರಾಯರ ಹೆಗಲ ಮೇಲಿಂದ ಹಾರಿ ಕಲ್ಲಿನ ಮೇಲೆ ಕುಳಿತಿತು.

“ವಿಶ್ರಾಂತಿ” ಎಂದರು ರಾಯರು. ಇಮಾಮಸಾಬ ಇಳಿದು ಎಷ್ಟು ಹ್ಯಾಂಡಲ್ ತಿರುಗಿಸಿದರೂ ಎಂಜಿನ್ ಕೆಮ್ಮಲಿಲ್ಲ. ಕೊನೆಗೆ ರಾಯರೇ ಅವನಿಗೆ ಮೆಲ್ಲಗೆ ಹೇಳಿದರು, “ರುಮಾಲು ಬಿಚ್ಚು.”

ಪೋಂ, ಪೋಂ!

ಬೀಡಿಗಳು ನೆಲಕ್ಕೆ ಬಿದ್ದವು. ದಂಡೆಯ ಮೇಲಿದ್ದವರೆಲ್ಲ ಹಳ್ಳಕ್ಕೆ ಧುಮುಕಿ ತಮ್ಮ ತಮ್ಮ ಜಾಗ ಹಿಡಿದರು. ಬಸಮ್ಮ ಅವರ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಕೆ ಗಂಟಲು ಹರಿಯುವಂತೆ ಕೂಗಿದಾಗ ಏಳದವರು ಇವರೇ.

ಆದರೆ ಆ ದಿನ ಮರಳು ಬಿಡಲಿಲ್ಲ. ಇಳಿದರೆ ಮೋಟಾರು ನಿಂತದ್ದನ್ನು ಒಪ್ಪಿಕೊಂಡಂತೆ ಆಗುತ್ತದೆಂದು ರಾಯರು ಇಳಿಯಲಿಲ್ಲ. ಅವರ ತೂಕವೂ ಸಾಕಷ್ಟಿತ್ತು. ನಾನು ಇಳಿದು ಪಕ್ಕಕ್ಕೆ ನಿಂತೆ. ಬಸಮ್ಮ ಸೀರೆ ಎತ್ತಿ ಕಟ್ಟಿಕೊಂಡು ಇಳಿದಳು, ಎತ್ತುಗಳನ್ನು ತರಿಸಿ, ಮೋಟಾರಿನ ಮುಂದೆ ಹಗ್ಗ ಬಿಗಿದಳು.

“ಏಳಲೇ ಕುಲಕರ್ಣಿ! ಎಳಿಯೋ ಸಾವ್ಕಾರ, ಮಂದೀದು ತಿಂದು ಕೊಬ್ಬೀದಿ!”

ಎತ್ತುಗಳು ಮೋಟಾರನ್ನು ಮರಳಿನಿಂದ ಕಿತ್ತು ಏರಿನ ಅರ್ಧದವರೆಗೆ ಒಯ್ದವು. ಅಲ್ಲಿ ಬಸಮ್ಮ ‘ಹೋ’ ಎಂದಳು. ಎತ್ತುಗಳು ನಿಂತವು. ಮೋಟಾರು ಹಗ್ಗದ ಮೇಲೆ ಜೋತು ನಿಂತಿತು. ಕೆಳಗೆ ಹಳ್ಳ. ತಳ್ಳುವವರು ಮರ್ಯಾದೆಯಿಂದ ಪಕ್ಕಕ್ಕೆ ಸರಿದರು.

“ಯಾಕ ನಿಂದ್ರಿಸಿದ್ರಿ? ಹೊಡೀರಿ, ಹೊಡೀರಿ!” ಎಂದರು ರಾಯರು ಒಳಗಿನಿಂದ.

“ಹೊಡೀತೀನ್ರೀ. ಒಂದ್ ಮಾತು ಕೇಳೂದೈತಿ. ನಾಳಿಗೆ ಎತ್ತು ನಿಮ್ಮ ಕೊಟ್ಟಿಗ್ಯಾಗ, ಮೋಟರ್ ನನ್ನ ಅಂಗಳದಾಗ. ಆಮ್ಯಾಲ ಇದು ಹಳ್ಳದಾಗ ಕುಂತ್ರ ಯಾರ ಎತ್ತು ತರ್ಲಿ ನಾ?”

“ನನ್ನ ಎತ್ತು ಕಳಸ್ತೀನಿ ಬಿಡ್ರಿ!”

“ಯಾವ ಎತ್ರೀ? ಇವs ಅಲ್ರೀ ಅವು?”

ಹಳ್ಳದಲ್ಲಿದ್ದವರೆಲ್ಲ ನಕ್ಕರು. ಇಮಾಮಸಾಬ ಸ್ಟೇರಿಂಗಿನ ಮೇಲೆ ತಲೆ ಇಟ್ಟು ನಕ್ಕ. ರಾಯರು ಹಾರ್ನಿನಿಂದ ಬಿಚ್ಚಿದ ರುಮಾಲಿನಿಂದ ಮುಖ ಒರೆಸಿಕೊಂಡರು.

“ಮೋಟರ್ ನನಗ ಬ್ಯಾಡ್ರೀ” ಎಂದಳು ಬಸಮ್ಮ. “ಎತ್ತು ಜಗ್ಗಿದ್ದಕ್ಕ ಕೂಲಿ ಅಂತ ಆ ಪೋಂಪೋಂ ಅಷ್ಟು ಕೊಡ್ರಿ.”

“ಹಾರ್ನ್? ಅದು ಮೋಟರಿನ ಅಂಗ! ಅಂಗ ಬ್ಯಾರೆ, ದೇಹ ಬ್ಯಾರೆ ಮಾಡಾಕ ಬರಂಗಿಲ್ಲ. ಕಾನೂನು ಹಂಗ...”

ಬಸಮ್ಮ ಬಗ್ಗಿ ಹಗ್ಗದ ಗಂಟಿಗೆ ಕೈ ಹಾಕಿದಳು. “ಬಿಚ್ಚಲ್ರೀ?”

ಮೋಟಾರು ಸ್ವಲ್ಪ ಹಿಂದೆ ಸರಿಯಿತು. ರಾಯರು ಏನು ಹೇಳಿದರೆಂದು ಸ್ಪಷ್ಟವಾಗಿ ಕೇಳಿಸಲಿಲ್ಲ. ಅಷ್ಟರಲ್ಲಿ ಇಮಾಮಸಾಬ ನನ್ನ ಕೈಯಿಂದ ಸರ್ಕಾರದ ಸ್ಪ್ಯಾನರು ಕಿತ್ತುಕೊಂಡು ಹಾರ್ನು ಬಿಚ್ಚತೊಡಗಿದ್ದ. ಬಿಚ್ಚಿ ಬಸಮ್ಮನ ಕೈಗೆ ಕೊಟ್ಟು, “ತಗೋ ಅಕ್ಕಾ. ಇನ್ನ ನನಗ ಬಾಯಿ ಬಂತು” ಎಂದ. ಎತ್ತುಗಳು ಮೋಟಾರನ್ನು ದಂಡೆಗೆ ತಂದು ಬಿಟ್ಟವು. ಬಸಮ್ಮ ಅವುಗಳನ್ನು ಹೊಡೆದುಕೊಂಡು ಸಂತೆಕಲ್ಲೂರಿಗೆ ಹೋದಳು. ಆ ಹಿಂಗಾರಿಯ ಬಿತ್ತಿಗೆಯನ್ನು ಸಾವ್ಕಾರ ಕುಲಕರ್ಣಿಗಳೇ ಮಾಡಿದವು.

ನನ್ನ ವರದಿ ಚಿಕ್ಕದಾಗಿತ್ತು. ಎಂಜಿನ್, ಬ್ರೇಕು, ಗಾಲಿ ಕೊಳ್ಳತಕ್ಕವಲ್ಲ. ಹಾರ್ನು ಉತ್ತಮ, ಎತ್ತಿನ ಬಂಡಿಗೆ ವರ್ಗವಾಗಿದೆ. ದೊಡ್ಡ ಸಾಹೇಬರು ಎರಡು ಸಲ ಓದಿದರು.

“ಬಂಡಿಯ ಮೇಲೆ ಲೋಟ ಇಟ್ಟು ನೋಡಿದೆಯೇನು?”

“ಕುಲಕರ್ಣಿಯ ಬೆನ್ನ ಮೇಲೆ ಇಟ್ಟಿದ್ದೆ ಸಾಹೇಬರೆ. ನೀರನ್ನು ಸಾವ್ಕಾರ ಕುಡಿಯಿತು.”

“ಚೆಲ್ಲಲಿಲ್ಲ ತಾನೆ?” ಎಂದು ಸಹಿ ಹಾಕಿದರು.

ಅಲ್ಲಿಂದ ಮುಂದೆ ಹಳೆಯ ಮೋಟಾರು ನೋಡಲು ಹೋದಾಗಲೆಲ್ಲ ಎಂಜಿನ್ ಮುಚ್ಚಳ ತೆಗೆಯುವ ಮೊದಲು ನಾನು ಅದರ ಹಾರ್ನು ಹೊಡೆದು, ರಸ್ತೆಯ ಎರಡೂ ಬದಿ ನೋಡುತ್ತಿದ್ದೆ. ಯಾರೂ ಏಳದಿದ್ದರೆ ಮುಂದಿನ ಪರೀಕ್ಷೆ. ಯಾರಾದರೂ ಧೋತರ ಮೇಲೆ ಕಟ್ಟಿದರೆ ಅಲ್ಲಿಗೇ ಮುಗಿಯಿತು. ಈ ವಿಧಾನ ಒಮ್ಮೆ ಮಾತ್ರ ತಪ್ಪಿತು. ಆ ಊರಿನವರು ಎದ್ದು ಓಡಿ ಬಂದದ್ದು ತಳ್ಳಲು ಅಲ್ಲ, ಮಾಲೀಕನನ್ನು ಹೊಡೆಯಲು. ಮೋಟಾರು ಚೆನ್ನಾಗಿತ್ತು.

ಹತ್ತಿ ಬಿಡಿಸುವ ಕಾಲ ಬಂತು. ಕೆಲಸದ ಮೇಲೆ ಸಿಂಧನೂರಿಗೆ ಹೊರಟಿದ್ದ ನಾನು, ಬಸ್ಸು ಹಳ್ಳ ದಾಟುವಾಗ ಪ್ರಯಾಣಿಕರೆಲ್ಲ ಇಳಿದು ನಡೆಯಬೇಕಾದ್ದರಿಂದ ಮಸ್ಕಿ ಹಳ್ಳದ ದಂಡೆಯಲ್ಲಿ ನಿಂತಿದ್ದೆ. ಹಳ್ಳದ ನಡುವೆ ಹಸಿರು ಮೋಟಾರು. ಒಳಗೆ ರಾಯರು. ಹಿಂದಿನ ಸೀಟಿನಲ್ಲಿ ಕೋಳಿ. ಇಮಾಮಸಾಬ ಕಲ್ಲಿನ ಮೇಲೆ ಕುಳಿತು ಕಾಲು ನೀರಿಗೆ ಬಿಟ್ಟಿದ್ದ. ರಾಯರು ಚಪ್ಪಾಳೆ ತಟ್ಟಿದರು, ಹೆಸರು ಹಿಡಿದು ಕರೆದರು, ತಾವೇ ಬಾಯಿಂದ ‘ಪೋಂ’ ಎಂದೂ ನೋಡಿದರು. ದಂಡೆಯ ಮೇಲಿನವರು ಬೀಡಿ ಸೇದುತ್ತ ನೋಡುತ್ತಿದ್ದರು.

ಅಷ್ಟರಲ್ಲಿ ಮಸ್ಕಿಯ ಕಡೆಯಿಂದ ಬಸಮ್ಮನ ಬಂಡಿ ಬಂತು, ಮಾಳಿಗೆಯೆತ್ತರ ಹತ್ತಿ ಹೇರಿಕೊಂಡು. ನೊಗದ ಪಕ್ಕದಲ್ಲಿ ಹಿತ್ತಾಳೆ ಹಾರ್ನು ಹೊಳೆಯುತ್ತಿತ್ತು. ಬಂಡಿ ನೀರಿಗಿಳಿಯಿತು. ಪೋಂ, ಪೋಂ! ಬೀಡಿಗಳು ಬಿದ್ದವು. ಗಂಡಸರು ಓಡಿ ಬಂದರು, ಬಂಡಿಯ ಎಡಮೂಲೆ ಯಾರದೆಂದು ಸ್ವಲ್ಪ ಜಗಳಾಡಿದರು, ಆಮೇಲೆ ಕೈ ಹಚ್ಚಿದರು. ಬಂಡಿ ರಾಯರ ಮೋಟಾರಿನ ಪಕ್ಕದಲ್ಲೇ ಸಾಗಿತು.

“ಬಸಮ್ಮಾ” ಎಂದರು ರಾಯರು. “ನನ್ನ ಸಲುವಾಗೂ ಒಂದ್ ಸಲ ಊದ್ರಿ.”

ಬಸಮ್ಮ ಎತ್ತುಗಳನ್ನು ತಡೆದಳು. “ಯಾಕ್ರೀ ವಕೀಲ್ರ? ಮೋಟರ್ ನಿಂತೈತೇನು?”

“ನಿಂತಿಲ್ಲ. ವಿಶ್ರಾಂತಿ...”

“ಹಂಗಾರ ತಗೋಳ್ಳಿ ಬಿಡ್ರಿ. ದಣದಿರತೈತಿ. ನಾ ಊದಿ ಎಬ್ಬಿಸಿದ್ರ ಚಂದಲ್ಲ. ನಡಿಯೋ ಸಾವ್ಕಾರ.”

ಬಂಡಿ ಏರು ಹತ್ತಿತು. ತಳ್ಳುವವರ ಹೈಸ್ಸಾ ದೂರವಾಗತೊಡಗಿತು. ರಾಯರು ನೀರು ನೋಡಿದರು, ಕೋಳಿ ನೋಡಿದರು, ದಂಡೆಯಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನು ಜೇಬಿನಿಂದ ಪೆನ್ಸಿಲು ತೆಗೆದೆ. ಬಂಡಿಯ ಗಾಲಿಗಳು ದಂಡೆಗೆ ತಲುಪುವ ಹೊತ್ತಿಗೆ ಅವರು ಮೋಟಾರಿನ ಬಾಗಿಲು ತೆರೆದು, ಕಾಲು ನೀರಿಗಿಟ್ಟು, ಎದ್ದು ನಿಂತರು.

“ನಿಂತದ, ಬಸಮ್ಮಾ!” ಎಂದು ಕೂಗಿದರು. “ನಿಂತದ!”

ಬಸಮ್ಮ ಹಾರ್ನು ಒತ್ತಿದಳು.